ಸೇಸ್‌ದೇದೋಸ್ ಮನೆಯ ದನಿ

ಅಕ್ಟೋಬರ್ 9, ಭಾನುವಾರ

ಬೆಳಿಗ್ಗೆ 150/90. ಸಂಜೆ 160/90. ಮಾತ್ರೆ ನುಂಗಿದೆ. ಬೆಳ್ಳುಳ್ಳಿ ಸಾರು, ಅದರಲ್ಲಿ ನೆನೆಸಿದ ಹಳೇ ಬ್ರೆಡ್ಡು.

ಇಷ್ಟು ಸಾಲದಂತೆ. ನರ್ಸ್ ಮೈತೆಯ ಹುಕುಂ — ಸಿಟ್ಟು ಬಂದ ದಿನ ಯಾಕೆ ಬಂತು ಎಂದೂ ಬರೆಯಬೇಕು. ಒಂಬತ್ತಕ್ಕೆ ಶಾಲೆ ಬಿಟ್ಟವಳಿಗೆ ಎಪ್ಪತ್ತೇಳರಲ್ಲಿ ನೋಟ್‌ಬುಕ್ಕು, ಪೆನ್ನು. ಹಂದಿ ಕೊಯ್ದ ಕೈ ಇದು. ಪೆನ್ನು ನಿಲ್ಲುವುದಿಲ್ಲ.

"ನಾನೇನ್ ಓದಲ್ಲ ಒಬ್ದುಲಿಯಾ ಅಜ್ಜಿ, ನಂಬರ್ ಮಾತ್ರ ನೋಡ್ತೀನಿ."

"ಓದಲ್ಲ ಅಂದ್ಮೇಲೆ ಯಾಕೆ ಬರೀಬೇಕು?"

"ಬರೆದ್ರೆ ಮನಸ್ಸು ಹಗುರ ಆಗುತ್ತೆ. ಬಿಪಿ ಇಳಿಯುತ್ತೆ."

ಇಳಿದಿಲ್ಲ. ಇವತ್ತಿನ ಸಿಟ್ಟಿಗೆ ಕಾರಣ — ಈ ನೋಟ್‌ಬುಕ್ಕು.

ಅಕ್ಟೋಬರ್ 10

150/90. ಕಡಲೆ, ಹಂದಿ ಸಾಸೇಜು. ಸಾಸೇಜು ಬರೆಯಬಾರದಿತ್ತು.

ಅಕ್ಟೋಬರ್ 13, ಗುರುವಾರ

170/95. ಕಾರಣ — ಪ್ರಿಮಿತೀವೊ.

ಚರ್ಚಿನ ಗಂಟೆ ಹೊಡೆಯುವವನು. ನನಗಿಂತ ಮೂರು ವರ್ಷ ದೊಡ್ಡವನು, ಬುದ್ಧಿಯಲ್ಲಿ ಮೂವತ್ತು ವರ್ಷ ಚಿಕ್ಕವನು. ಒಂದು ಬುಟ್ಟಿ ಕಾಡಣಬೆ ತಂದು ಮೇಜಿನ ಮೇಲೆ ಸುರಿದ. ಅರ್ಧ ಮಣ್ಣು. ಮಾತಿಗೆ ಮಾತು ಬಂತು. ಈ ಸಲ ಎರಡನೇ ತಾರೀಖಿಗೆ ಕುಂಟಿಕೊಂಡಾದರೂ ಬರುತ್ತೇನೆ, ಹೋದ ವರ್ಷ ಒಂದು ತಪ್ಪಿತು, ಇನ್ನೆರಡು ತಪ್ಪಿದರೆ ನಮ್ಮಮ್ಮ ಗುಂಡಿಗೆ ಎಂದೆ.

ಮೈತೆ ಪಟ್ಟಣದವಳು. ಕದ್ದು ಓದಿದರೆ ಅರ್ಥವಾಗಲಿ. ನವೆಂಬರ್ ಎರಡು, ಸತ್ತವರ ದಿನ. ಹನ್ನೊಂದು ಗಂಟೆಯ ಪೂಜೆಯಲ್ಲಿ ಪಾದ್ರಿ ಆತ್ಮಗಳ ಪುಸ್ತಕ ತೆಗೆದು ಊರಿನ ಮನೆತನಗಳನ್ನು ಒಂದೊಂದಾಗಿ ಕರೆಯುತ್ತಾನೆ. ಒಂದೊಂದನ್ನು ಮೂರು ಸಲ. ಅಪ್ಪನಿಂದ ಆ ಹೆಸರು ಪಡೆದವರು ಯಾರಾದರೂ ಒಬ್ಬರು "ಇದ್ದೇವೆ" ಎನ್ನಬೇಕು. ಸೊಸೆ ಅಂದರೆ ನಡೆಯದು, ಮಗಳ ಮಕ್ಕಳು ಅಂದರೂ ನಡೆಯದು. ಮೂರು ವರ್ಷ ದನಿ ಬರದಿದ್ದರೆ ಆ ಮನೆತನಕ್ಕೆ ಗೀಟು ಎಳೆಯುತ್ತಾರೆ. ಗೋರಿ ಅಗೆದು ಎಲುಬುಗಳನ್ನು ಚರ್ಚಿನ ಹಿಂದಿನ ಗುಂಡಿಗೆ ಹಾಕುತ್ತಾರೆ. ನಮ್ಮ ಸಯಾಗೊ ಸೀಮೆಯ ನೆಲವೆಲ್ಲ ಬಂಡೆ. ಸತ್ತವರಿಗೂ ಜಾಗವಿಲ್ಲ.

ಇನ್ನೊಂದು. ಪಟ್ಟಿ ಓದುವಾಗ ಯಾರೂ ಹಿಂದೆ ತಿರುಗುವ ಹಾಗಿಲ್ಲ. ಯಾರು ಕೂಗಿದರು ಎಂದು ತಿರುಗಿ ನೋಡಿದವರ ಮನೆಯಲ್ಲಿ ವರ್ಷದೊಳಗೆ ಸಾವು.

ಸೇಸ್‌ದೇದೋಸ್ ಅಂದರೆ ಈಗ ನಾನೊಬ್ಬಳೇ. ಮದುವೆ ಆಗಲಿಲ್ಲ. ಅಣ್ಣ ತಮ್ಮ ಇಲ್ಲ. ಹೋದ ವರ್ಷ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದೆ.

"ಯಾವ್ದು ತಪ್ಪಿದ್ದು?" ಅಂದ ಪ್ರಿಮಿತೀವೊ. "ಹೋದ್ ವರ್ಷ ಕೂಗಿದೆಯಲ್ಲ. ಹಿಂದಿನ್ ಬೆಂಚಿಂದ. ಗಂಟ್ಲು ಕಟ್ಟಿತ್ತು ನಿಂಗೆ."

"ಎರಡನೇ ತಾರೀಖು ನಾನು ಕಾಲು ಮೇಲೆತ್ತಿ ಆಸ್ಪತ್ರೇಲಿ ಬಿದ್ದಿದ್ದೆ ಕಣೋ ಕತ್ತೆ. ಇಪ್ಪತ್ತಕ್ಕೆ ಬಿಟ್ರು ಮನೆಗೆ."

"ಹೌದಾ? ನಾವೆಲ್ಲ ಗಟ್ಟಿ ಮುದುಕಿ, ಎದ್ದು ಬಂದಿದಾಳೆ ಅಂದ್ಕೊಂಡ್ವಲ್ಲ."

"ಕಣ್ಣಿಂದ ನೋಡಿದ್ಯಾ?"

"ತಿರುಗಿ ನೋಡು ಅಂತೀಯಾ? ನನ್ ಮನೇಲಿ ಹೆಣ ಬೀಳ್ಲಿ ಅಂತಾನಾ?"

ನಲವತ್ತೊಂದು ಜನ ಇದ್ದರಂತೆ. ನಲವತ್ತೊಂದು ಜನಕ್ಕೂ ಕೇಳಿಸಿದೆ. ಒಬ್ಬರೂ ತಿರುಗಿಲ್ಲ.

ಅಣಬೆ ಹಾಗೇ ಬಿದ್ದಿದೆ. ಹುರಿಯಲಿಲ್ಲ.

ಅಕ್ಟೋಬರ್ 14

160/95. ಪ್ರಿಮಿತೀವೊನನ್ನು ಎಳೆದುಕೊಂಡು ಹೋಗಿ ಪುಸ್ತಕ ತೆಗೆಸಿದೆ. ನಮ್ಮ ಸಾಲು ಇದೆ. ಪ್ರತಿ ವರ್ಷಕ್ಕೊಂದು ಶಿಲುಬೆ ಗುರುತು. ಹೋದ ವರ್ಷಕ್ಕೂ ಇದೆ.

ಫಾದರ್ ವಿಲ್ಮಾರ್‌ಗೆ ಫೋನ್ ಮಾಡಿದೆ. ಕೊಲಂಬಿಯಾದವರು, ಒಂಬತ್ತು ಹಳ್ಳಿಗೆ ಒಬ್ಬರೇ. ಬೈದರೂ ಬೆಣ್ಣೆಯ ಹಾಗೆ ಮಾತಾಡುತ್ತಾರೆ.

"ಕೇಳಿಸಿದ್ದನ್ನ ಗುರುತು ಹಾಕ್ದೆ ತಾಯಿ. ಮೂರನೇ ಸಲ ಕರೆದಾಗ ಅಂದ್ರಿ."

"ಎದುರಿಗೆ ನಿಂತಿದ್ರಲ್ಲ, ಕಣ್ಣಿಗೆ ಕಾಣ್ಲಿಲ್ವಾ?"

"ಪುಸ್ತಕ ನೋಡ್ತಿದ್ದೆ. ಹಿಂದೆ, ಹಾಡೋರ ಅಟ್ಟದ ಕೆಳಗೆ, ಕತ್ತಲು ಬೇರೆ. ಯಾಕೆ, ಏನಾಯ್ತು?"

ಏನೂ ಇಲ್ಲ ಎಂದು ಫೋನ್ ಇಟ್ಟೆ.

ಅಕ್ಟೋಬರ್ 18, ಮಂಗಳವಾರ

150/90. ಪಂಚಾಯಿತಿಯ ಗುಮಾಸ್ತೆ ನೂರಿಯಾ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುವುದು. ಹೋಗಿ ಕೂತೆ. ನನ್ನ ಬಿಟ್ಟು ಈ ಊರಲ್ಲಿ ಇನ್ನೊಬ್ಬ ಸೇಸ್‌ದೇದೋಸ್ ಇದ್ದಾನೋ ನೋಡು ಎಂದೆ.

ಕಂಪ್ಯೂಟರ್‌ನಲ್ಲಿ ದೇಶದ ನಕ್ಷೆ ತೆಗೆದಳು. ಯಾವ ಹೆಸರಿನವರು ಎಲ್ಲಿ ಎಷ್ಟಿದ್ದಾರೆ ಎಂದು ಸರ್ಕಾರವೇ ಬಣ್ಣ ಹಚ್ಚಿ ಇಟ್ಟಿದೆ. ನಮ್ಮ ಸಮೋರಾ ಜಿಲ್ಲೆ ಕಡು ಕೆಂಪು. ಮ್ಯಾಡ್ರಿಡ್ ಸ್ವಲ್ಪ. ಬಾರ್ಸಿಲೋನಾ, ಬಿಲ್ಬಾವೊ ಕಡೆ ತೆಳ್ಳಗೆ. ಕೂಲಿ ಹುಡುಕಿ ರೈಲು ಹತ್ತಿದವರ ಮಕ್ಕಳು. ಮಿಕ್ಕಿದ್ದೆಲ್ಲ ಬಿಳಿ. ದೇಶದ ಮೈಮೇಲೆ ಒಂದೇ ಒಂದು ಕಜ್ಜಿ ಇದ್ದ ಹಾಗೆ ಕಾಣಿಸಿತು.

"ಮೂಲ ಎಲ್ಲ ಇಲ್ಲೇ ಅಜ್ಜಿ, ಈ ಸುತ್ತಮುತ್ತ. ಯಾರಿಗೋ ಕೈಯಲ್ಲಿ ಆರು ಬೆರಳಿದ್ವು. ಊರವರು ಸೇಸ್‌ದೇದೋಸ್, ಅಂದ್ರೆ ಆರ್‌ಬೆರಳ, ಅಂತ ಕರೆದ್ರು. ಬರ್ಕೊಳ್ಳೋನು ಬರ್ಕೊಂಡ. ಅದೇ ಹೆಸರಾಗಿ ಕೂತ್ಕೊಂಡ್ತು."

"ಗೊತ್ತು. ಇಲ್ಲಿ ಎಷ್ಟು ಜನ ಹೇಳು."

"ಒಬ್ರೇ. ನೀವು."

"ಸುತ್ತಲ ಹಳ್ಳಿ?"

"ಇದಾರೆ. ಆದ್ರೆ ಅವರವರ ಊರಲ್ಲಿ ಅವರವರ ಪುಸ್ತಕ. ನಿಮ್ಮೂರಿಗೆ ಬಂದು ಯಾಕೆ ಕೂಗ್ತಾರೆ?"

ಸರಿಯಾದ ಪ್ರಶ್ನೆ. ಎದ್ದು ಬಂದೆ.

ಅಕ್ಟೋಬರ್ 22, ಶನಿವಾರ

140/90. ಹಬ್ಬಕ್ಕೆ ಸ್ಮಶಾನದ ಗೋಡೆಗೆ ಸುಣ್ಣ. ಮನೆತನಕ್ಕಿಷ್ಟು ಮಾರು ಎಂದು ಪಾಲು. ನಮ್ಮದು ಮೂಲೆಯ ನಾಲ್ಕು ಮಾರು. ಸೊಂಟ ಬಗ್ಗದು, ಪ್ರಿಮಿತೀವೊನ ಕೈಲಿ ಬಳಿಸಿದೆ. ಅಡ್ಡಾದಿಡ್ಡಿ ಬಳಿದ. ಎರಡನೇ ಕೋಟು ಹಾಕಿಸಿದೆ. ನಾಲ್ಕು ಗಂಟೆಗೆ ಗೇಟಿಗೆ ಬೀಗ ಹಾಕಿ ಬಂದೆ. ಬೀಗದ ಕೈ ಇರುವುದು ನನ್ನ ಹತ್ತಿರ ಮಾತ್ರ.

ಅಕ್ಟೋಬರ್ 23

ಬಿಪಿ ನೋಡಲಿಲ್ಲ.

ಗೋಡೆಯಲ್ಲಿ ಕೈ ಮೂಡಿದೆ. ನಮ್ಮ ಪಾಲಿನಲ್ಲಿ, ಎದೆ ಎತ್ತರಕ್ಕೆ, ಹಸಿ ಸುಣ್ಣದ ಮೇಲೆ ಊರಿದ ಹಾಗೆ. ಎಡಗೈ. ಬೆರಳು ಎಣಿಸಿದೆ. ಮತ್ತೆ ಎಣಿಸಿದೆ. ಪ್ರಿಮಿತೀವೊನನ್ನು ಕರೆತಂದೆ.

"ನಾನೇ ಜಾರಿ ಊರಿರ್ಬೇಕು ಬಿಡು."

"ಕೈ ಊರು ಇಲ್ಲಿ. ಪಕ್ಕದಲ್ಲಿ."

"ಏ, ಗೋಡೆ ಹಾಳಾಗುತ್ತಲ್ಲೇ."

"ಊರೋ."

ಬಕೆಟ್ಟಿನಲ್ಲಿ ಉಳಿದ ಸುಣ್ಣಕ್ಕೆ ಕೈ ಅದ್ದಿ ಊರಿದ. ಐದು. ಪಕ್ಕದ್ದು ಆರು. ಕಿರುಬೆರಳಿನ ಆಚೆ ಇನ್ನೊಂದು, ಸಣ್ಣದು, ಸ್ವಲ್ಪ ಓರೆಯಾಗಿ.

ಪ್ರಿಮಿತೀವೊ ನಗಲಿಲ್ಲ. ಮೊದಲ ಸಲ ನೋಡಿದ್ದು, ಅವನು ನಗದೆ ಇದ್ದದ್ದನ್ನು. ಕೈ ಪ್ಯಾಂಟಿಗೆ ಒರೆಸಿಕೊಂಡು, "ನಿಮ್ ಮನೇಲಿ ಯಾರಿಗಾದ್ರೂ ನಿಜವಾಗ್ಲೂ ಇತ್ತೇನೇ?" ಅಂದ.

"ಹೋಗು ಮನೆಗೆ" ಅಂದೆ.

ಅಕ್ಟೋಬರ್ 28, ಶುಕ್ರವಾರ

ನಾಲ್ಕು ದಿನ ಬರೆಯಲಿಲ್ಲ. ಮೈತೆ ಬಂದು ಬೈದು ಹೋದಳು. 180/100. ಮಾತ್ರೆ ಒಂದೂವರೆ ಮಾಡಿದ್ದಾಳೆ. ಕಾರಣ ಬರಿ ಅಂದಳು. ಬರೆಯುತ್ತೇನೆ, ತಗೋ.

ಇತ್ತು. ಒಬ್ಬನಿಗೆ ಇತ್ತು.

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ನೋಡುವ ಮೊದಲು ಬೆರಳು ಎಣಿಸುತ್ತಿದ್ದರು. ಹೆಸರು ಇದ್ದರೆ ಸಾಕು, ಆ ಕೈ ಮಾತ್ರ ಮನೆಗೆ ಬರಬಾರದು ಎನ್ನುತ್ತಿದ್ದಳು ಅಪ್ಪನ ತಾಯಿ. ಬಂದರೆ ಮನೆ ಅಲ್ಲಿಗೆ ಮುಗಿಯಿತು ಅಂತ. ಯಾಕೆ ಎಂದು ಕೇಳಿದರೆ ಕೆನ್ನೆಗೆ ಬೀಳುತ್ತಿತ್ತು.

1943, ಫೆಬ್ರವರಿ. ನನಗೆ ಒಂಬತ್ತು. ಅಮ್ಮನಿಗೆ ಗಂಡುಮಗು. ಸೂಲಗಿತ್ತಿ ಎಣಿಸಿದಳು, ಅಜ್ಜಿಯ ಮುಖ ನೋಡಿದಳು. ಹೊರಗೆ ಯಾರಿಗೂ ಹೇಳಬೇಡಿ ಎಂದಳು ಅಜ್ಜಿ. ಜ್ಞಾನಸ್ನಾನವೂ ಇಲ್ಲ. ಹೆಸರೂ ಇಡಲಿಲ್ಲ. ನಾನು ಮಧ್ಯಾಹ್ನವೆಲ್ಲ ಅವನ ಎಡಗೈ ಹಿಡಿದು ಕೂತಿರುತ್ತಿದ್ದೆ. ಆ ಸಣ್ಣ ಬೆರಳೂ ನನ್ನ ಬೆರಳನ್ನು ಹಿಡಿಯುತ್ತಿತ್ತು.

ಶಾಲೆಯಲ್ಲಿ ಲೆಕ್ಕದ ಪಾಠ. ಮೇಷ್ಟರು ಬೆರಳಲ್ಲಿ ಎಣಿಸಿ ಎಂದರು. "ನನ್ ತಮ್ಮ ಹನ್ನೊಂದರ ತನಕ ಎಣಿಸ್ಬಹುದು" ಎಂದೆ. ಜಂಬದಿಂದ ಹೇಳಿದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಮಾರನೆಯ ಬೆಳಿಗ್ಗೆ ಅಜ್ಜಿ ಅವನನ್ನು ಬ್ರೆಡ್ ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಕತ್ತೆ ಮೇಲೆ ಪಟ್ಟಣಕ್ಕೆ ಹೋದಳು. ಸಂಜೆ ಬಂದಾಗ ಬುಟ್ಟಿ ತುಂಬ ಉಪ್ಪು ಮೀನು. "ದಾರೀಲಿ ಹೋಗ್ಬಿಡ್ತು" ಅಂದಳು. ಅಷ್ಟೇ. ಗಂಟೆ ಹೊಡೆಯಲಿಲ್ಲ, ಗೋರಿ ಇಲ್ಲ. ಅಮ್ಮ ಏನೂ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ಎಲ್ಲರೂ ಮೀನು ತಿಂದರು. ನಾನೂ ತಿಂದೆ. ಹಸಿವಿನ ವರ್ಷ ಅದು.

ಅಮ್ಮ ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಗೆಲಸ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟದ್ದು ಹಾಗೆ.

ದಾರಿಯಲ್ಲಿ ಸತ್ತನೋ, ಸಾಯಿಸಿದಳೋ, ಪಟ್ಟಣದ ಕನ್ಯಾಮಠದ ಬಾಗಿಲಲ್ಲಿ ಬಿಟ್ಟಳೋ. ಗೊತ್ತಿಲ್ಲ. ಇವತ್ತು ನೂರಿಯಾಳನ್ನು ಕೇಳಿದೆ, ಯಾರ ವಿಷಯ ಎಂದು ಹೇಳದೆ. ಹಾಗೆ ಬಿಟ್ಟ ಮಕ್ಕಳಿಗೆ ಬೇರೆ ಹೆಸರು, ಬೇರೆ ಮನೆತನ ಕೊಡುತ್ತಿದ್ದರಂತೆ.

ಹಾಗಾದರೆ ಹೆಸರು ನನ್ನ ಹತ್ತಿರ ಉಳಿಯಿತು. ಬೆರಳು ಅವನ ಹತ್ತಿರ.

ಅರವತ್ತೆಂಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗ ಮತ್ತೆ ಬಿಪಿ ನೋಡಿದೆ. 180/100. ಬರೆದರೆ ಇಳಿಯುತ್ತದಂತೆ!

ನವೆಂಬರ್ 1, ಮಂಗಳವಾರ

170/95. ಅಮ್ಮನ ಗೋರಿ ತೊಳೆದು ಸೇವಂತಿಗೆ ಇಟ್ಟೆ. ಗೋಡೆಯ ಕಡೆ ನೋಡಲಿಲ್ಲ. ನೋಡಿದೆ. ಹಾಗೇ ಇದೆ.

ಬೆಳಿಗ್ಗೆ ಚರ್ಚಿಗೆ ಹೋಗಿ ಹಿಂದಿನ ಬೆಂಚಿಗೆ ಮೇಣ ಬಳಿದೆ, ಯಾರು ಕೂತರೂ ಗುರುತು ಬೀಳಲಿ ಎಂದು. ನಾಳೆ ಅಲ್ಲಿ ಕೂರುವುದಿಲ್ಲ. ಮುಂದೆ ಕೂರುತ್ತೇನೆ. ಮೊದಲ ಎರಡು ಸಲ ಬಾಯಿ ಬಿಡುವುದಿಲ್ಲ. ಯಾರು ಕೂಗುತ್ತಾರೋ ಕೇಳಿಯೇ ಬಿಡುತ್ತೇನೆ. ಮೂರನೇ ಸಲವೂ ಯಾರೂ ಕೂಗದಿದ್ದರೆ ನಾನೇ ಕೂಗಬೇಕು. ಗಂಟಲು ಕೈ ಕೊಟ್ಟರೆ ಒಂದು ವರ್ಷ ಹೋಯಿತು. ನನಗೆ ಇನ್ನೆಷ್ಟು ವರ್ಷ ಇದೆ? ನಾನು ಹೋದ ಮೇಲೆ ಮೂರೇ ವರ್ಷ, ಅಮ್ಮ ಗುಂಡಿಗೆ. ಮಗುವನ್ನು ಬಿಟ್ಟುಕೊಟ್ಟವಳಿಗೆ ಗೋರಿಯಾದರೂ ಉಳಿಯಬೇಕು.

ನವೆಂಬರ್ 2, ಮಧ್ಯಾಹ್ನ ಒಂದು ಗಂಟೆ

ಬಿಪಿ ಮಿಷನ್ ಮುಟ್ಟಿಲ್ಲ.

ಮೂವತ್ತೆಂಟು ಜನ. ಪ್ರಿಮಿತೀವೊ ನನ್ನ ಪಕ್ಕದಲ್ಲೇ ಬಂದು ಕೂತ, ಕೇಳಿದ್ದಕ್ಕೆ ಹಿಂದೆ ಚಳಿ ಅಂದ. ಪಟ್ಟಿ ಶುರುವಾಯಿತು. ಒಂದೊಂದು ಮನೆ, ಒಂದೊಂದು ದನಿ. ಎರಡು ಮನೆಗೆ ಯಾರೂ ಇಲ್ಲ.

"ಸೇಸ್‌ದೇದೋಸ್."

ಸುಮ್ಮನಿದ್ದೆ. ಪ್ರಿಮಿತೀವೊ ಮೊಣಕೈಯಿಂದ ತಿವಿದ.

"ಸೇಸ್‌ದೇದೋಸ್."

ಹಿಂದೆ ಯಾರೋ ಉಸಿರು ಎಳೆದುಕೊಂಡರು. ಮಾತಾಡುವ ಮೊದಲು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಎಳೆದುಕೊಂಡು ತಡೆದರು. ನನಗಾಗಿ ಕಾಯುತ್ತಿದ್ದ ಹಾಗೆ.

"ಸೇಸ್‌ದೇದೋಸ್."

"ಇದ್ದೇವೆ."

ಇಬ್ಬರೂ ಅಂದೆವು. ಒಂದೇ ಸಲ. ಅದು ನನ್ನದೇ ದನಿ, ಆದರೆ ಗಂಡಸಿನದು. ಅಮ್ಮ ಹೀಗೇ ಪದದ ಕೊನೆ ಎಳೆಯುತ್ತಿದ್ದಳು. ಪ್ರಿಮಿತೀವೊ ಕಣ್ಣು ಮುಚ್ಚಿಕೊಂಡ. ಒಬ್ಬರೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಸಾವಿಗೆ ಹೆದರಿ ಅಲ್ಲ. ತಿರುಗಿದರೆ ಅವನು ಇರದಿದ್ದರೆ ಎಂದು.

ಪೂಜೆ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ ಹಿಂದಿನ ಬೆಂಚಿಗೆ ಹೋದೆ. ಮೇಣ ನಿನ್ನೆ ಬಳಿದ ಹಾಗೇ ಇದೆ. ಯಾರೂ ಕೂತಿಲ್ಲ. ನಿಂತಿದ್ದನೋ ಏನೋ.

ಫಾದರ್ ಬಂದರು. "ಇವತ್ತು ದನಿ ಗಟ್ಟಿ ಇತ್ತು ತಾಯಿ. ಇಬ್ಬರು ಅಂದ ಹಾಗಿತ್ತು."

"ಇಬ್ರೇ."

"ಏನಂದ್ರಿ?"

"ಒಂದೇ ಗುರುತು ಹಾಕಿ ಅಂದೆ."

ನವೆಂಬರ್ 5, ಶನಿವಾರ

ಬಿಪಿ ಹಾಳಾಗಿ ಹೋಗಲಿ.

ಈ ಪುಟ ಹರಿದು ಹಿಂದಿನ ಬೆಂಚಿನ ಮೇಲೆ ಇಡುತ್ತೇನೆ. ಮೇಲೊಂದು ಕಲ್ಲು ಹೇರುತ್ತೇನೆ.

ಕೇಳು. ನಾನು ಒಬ್ದುಲಿಯಾ, ನಿನ್ನ ಅಕ್ಕ. ಶಾಲೆಯಲ್ಲಿ ಬಾಯಿ ಬಿಟ್ಟವಳು ನಾನೇ. ಅದಕ್ಕೆ ಸಿಟ್ಟಿದ್ದರೆ ಮುಖಕ್ಕೆ ಬಂದು ಹೇಳು. ಗೋಡೆಗೆ ಕೈ ಒತ್ತುವುದು, ಕತ್ತಲಲ್ಲಿ ಕೂಗುವುದು, ಇದೆಲ್ಲ ನನಗೆ ಆಗುವುದಿಲ್ಲ. ವಯಸ್ಸಾಯಿತು.

ಬದುಕಿದ್ದರೆ ಮನೆಗೆ ಬಾ. ಚರ್ಚಿನ ಎದುರು, ಹಸಿರು ಬಾಗಿಲು. ಕಡಲೆ ಬೇಯಿಸಿಡುತ್ತೇನೆ. ನಮ್ಮ ಮನೆತನದ ಹೆಸರು ನಿನಗೆ ವಾಪಸ್ ಬರೆಸಬಹುದಂತೆ, ಕೋರ್ಟು, ರಕ್ತ ಪರೀಕ್ಷೆ, ಏನೇನೋ ಇದೆ, ನೂರಿಯಾ ಮಾಡಿಸುತ್ತಾಳೆ. ಆಗ ನಾನು ಹೋದ ಮೇಲೂ ಅಮ್ಮನಿಗೆ ಒಂದು ದನಿ ಇರುತ್ತದೆ.

ಸತ್ತಿದ್ದರೆ ಅದನ್ನೂ ಹೇಳು. ಕಲ್ಲು ಕೆತ್ತುವ ಎಲಾದಿಯೊ ಹನ್ನೊಂದಕ್ಕೆ, ಸಂತ ಮಾರ್ಟಿನ್ನನ ದಿನ, ಬರುತ್ತಾನೆ. ಅಮ್ಮನ ಹೆಸರಿನ ಕೆಳಗೆ ಜಾಗ ಬಿಡಿಸಿದ್ದೇನೆ. ಆಮೇಲೆ ಕೂಗುವುದು ನನಗೆ ಬಿಡು, ಇರುವಷ್ಟು ದಿನ ಕೂಗುತ್ತೇನೆ.

ಎರಡರಲ್ಲಿ ಯಾವುದೇ ಆದರೂ ನಿನ್ನ ಸ್ವಂತ ಹೆಸರು ಬೇಕು. ಮನೆತನದ್ದು ಇದೆ, ಅದರ ಮುಂದೆ ಏನು ಬರೆಯಲಿ? ನೀನು ಹೋದ ಕಡೆ ಯಾರಾದರೂ ಇಟ್ಟರೋ ಇಲ್ಲವೋ, ಇಟ್ಟಿದ್ದರೆ ಏನಂತ ಕರೆದರು, ಹೇಳು.

ಹನ್ನೊಂದನೇ ತಾರೀಖು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಉತ್ತರ ಬೇಕು.