ಎಡಗಡೆಯ ಸೀಟು

ಅಪ್ಪಾ,

ನೀನು ತೀರಿಹೋಗಿ ಮೂರು ತಿಂಗಳಾಯಿತು. ಕಾಲುವೆಯ ಇಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ ನಿನಗೆ ಕೊಟ್ಟ ಎರಡು ಸೀಟಿನ ಹಳೆಯ ಕಾರನ್ನು ಇವತ್ತು ಶಹಾಪುರದ ಅಕ್ಕಿ ಗಿರಣಿಯ ಲಾರಿ ಕಾಂಟಾದ ಮೇಲೆ ತೂಗಿಸಿದೆ. ಸುರಪುರದ ರೇಸಿಗೆ ಹಗುರಾಗಲೆಂದು ಬಂಪರ್, ಬಾಗಿಲಿನ ಗಾಜು, ನೀನು ಹಾಸಿದ್ದ ಜಮಖಾನೆ ಎಲ್ಲ ತೆಗೆದಿದ್ದೆ. ಆದರೂ ನಾನು ಸೇರಿ, ಅಂದುಕೊಂಡಿದ್ದಕ್ಕಿಂತ ಹತ್ತು ಕಿಲೊ ಹೆಚ್ಚೇ ಬಂತು.

“ಎಡಗಡಿ ಸೀಟ್ ಯಾಕ ಬಿಟ್ಟೀಯೋ ಸಾಬಣ್ಣಾ? ಕಿತ್ತು ಒಗಿ,” ಎಂದ ಕಾಂಟಾದ ಮರಿಲಿಂಗಪ್ಪ.

ಹೋದ ವರ್ಷ ರೇಸಿಗೆ ಹೊರಟಾಗ ಇದೇ ಕಾಂಟಾದ ಮೇಲೆ ಆ ಸೀಟಿನಲ್ಲಿ ನೀನು ಕುಳಿತಿದ್ದೆ.

“ಸುರಪುರ ತನಾ ನಾನೂ ಬರ್ತೀನೋ,” ಎಂದಿದ್ದೆ ನೀನು.

“ನಿನ್ನ ತೂಕ ಬ್ಯಾಡ, ಇಳಿ,” ಎಂದುಬಿಟ್ಟೆ ನಾನು. ನೀನು ಕಾಲುವೆಯ ದಂಡೆ ಹಿಡಿದು ಮನೆಗೆ ನಡೆದುಹೋದೆ.

ಸೀಟು ಕೀಳಲಿಲ್ಲ. ಆ ಹತ್ತು ಕಿಲೊ ನನ್ನ ಮೈಯಿಂದಲೇ ಇಳಿಸುತ್ತೇನೆ. ಇವತ್ತು ಒಂದೇ ರೊಟ್ಟಿ ತಿಂದು ಎದ್ದಿದ್ದೇನೆ.