ದೃಢೀಕರಣಕ್ಕೆ ಅವಸರ

ಏಪ್ರಿಲ್ ೧೮, ಶನಿವಾರ

ಇವತ್ತು ಚರ್ಚಿನಲ್ಲಿ ನನ್ನ ಮಾನ ಹರಾಜಾಯಿತು. ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರ ಯಾಕೆ ಬೇಕು ಎಂದು ಫಾದರ್ ಒಂದೊಂದು ಮಗುವನ್ನೂ ಕೇಳುತ್ತ ಬಂದರು. ಹನ್ನೆರಡು ವರ್ಷದ ನನ್ನ ಮೊಮ್ಮಗಳು, "ನನಗೇನೂ ಅವಸರ ಇಲ್ಲ ಫಾದರ್, ಅಜ್ಜಿಗೆ ಅವಸರ" ಎಂದುಬಿಟ್ಟಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಇನ್ನೆರಡು ವರ್ಷ ಕಾಯೋಣ ಬಿಡಿ" ಎಂದರು ಫಾದರ್. ಕಾಯುವುದಕ್ಕೆ ನನಗೇನು ಅವರ ವಯಸ್ಸೇ?

ದಾರಿಯಲ್ಲಿ ನಾನು ಬಿರಬಿರನೆ ಮುಂದೆ ನಡೆದೆ. ಅವಳೇ ಕೇಳಿದಳು, "ನಿನಗೆ ಎಷ್ಟನೇ ವಯಸ್ಸಲ್ಲಿ ಆಯ್ತಜ್ಜಿ?"

"ಏಳು. ನಿನ್ನ ಹಾಗೆ ತಕರಾರು ಮಾಡಲಿಲ್ಲ."

"ಆಗ ಏನನ್ನಿಸ್ತು?"

ಏನು ಹೇಳಲಿ? ಬಿಷಪ್ಪರು ಹಣೆಗೆ ಪರಿಮಳದ ಎಣ್ಣೆ ಹಚ್ಚಿದರು. ಅದು ಅಳಿಸಿಹೋದೀತೆಂದು ತಲೆ ಅಲ್ಲಾಡಿಸದೆ ಮನೆವರೆಗೂ ನಡೆದೆ. ಬೀದಿಯೆಲ್ಲ ನೀರಿನೊಳಗಿದ್ದ ಹಾಗೆ ಮೆಲ್ಲಗೆ ತೇಲುತ್ತಿತ್ತು. ಆ ಏಳನೆಯ ವರ್ಷ ನನ್ನದೇ ಆಗಿತ್ತು. ಅದನ್ನು ತಂದು ಇವಳ ಹಣೆಗೆ ಹಚ್ಚಲಾರೆ.

ಸಂಸ್ಕಾರದ ಹೊತ್ತಿನಲ್ಲಿ ಅವಳ ಹೆಗಲ ಮೇಲೆ ಕೈಯಿಟ್ಟು ನಿಲ್ಲುವ ಹಿರಿಯಳು ನಾನೇ ಆಗಬೇಕೆಂದು ಇಷ್ಟೆಲ್ಲ ಹಟ. "ನೀನು ಮನಸ್ಸು ಮಾಡೋಷ್ಟರಲ್ಲಿ ನಾನು ಗೋರಿಯಲ್ಲಿರ್ತೀನಿ" ಎಂದೆ.

"ಇಲ್ಲ. ನಾನು ಹೇಳೋವರೆಗೂ ಇರ್ಬೇಕು, ಅಷ್ಟೆ. ಬೇರೆ ಯಾರ ಕೈನೂ ನನಗೆ ಬೇಡ."

ನನಗೇ ಆಜ್ಞೆ! ಅದೂ ನನ್ನದೇ ಗಡಸು ದನಿಯಲ್ಲಿ. ಬೈಯಬೇಕಿತ್ತು. "ಆಯ್ತು" ಎಂದೆ.

ಕಣ್ಣು ಎಳೆಯುತ್ತಿದೆ. ಅವಳು ಪಕ್ಕದಲ್ಲೇ ಮಲಗಿದ್ದಾಳೆ. ಹೆಗಲ ಮೇಲೆ ಸುಮ್ಮನೆ ಕೈಯಿಟ್ಟು ನೋಡಿದೆ. ಮೂಳೆ ಇನ್ನೂ ಎಳೆಯದು. ಎರಡು ವರ್ಷದಲ್ಲಿ ನನಗಿಂತ ಎತ್ತರವಾಗುತ್ತಾಳೆ. ಆಗ ಕೈಯನ್ನು ಸ್ವಲ್ಪ ಮೇಲೆತ್ತಿ ಇಡಬೇಕು...