ತುಟಿಯಂಚಿನ ಅಲುಗಾಟ

ಪ್ರೀತಿಯ ಅಕ್ಕ,

ನಾನು ಮೊಬೈಲಿನಲ್ಲಿ ಕಳಿಸಿದ ವಿಡಿಯೊ ನೋಡಿ ಡಾಕ್ಟರು, "ಇದು ಫಿಟ್ಸ್ ಅಲ್ಲಮ್ಮ, ಹುಡುಗಿ ಏನೋ ಯೋಚಿಸ್ತಾ ಕೂತಿದಾಳೆ ಅಷ್ಟೆ. ಮಾತ್ರೆ ನಿಲ್ಲಿಸೋಣ" ಅಂದರು. ಕಳಿಸುವಾಗ ಮೊಬೈಲು ಫೈಲನ್ನು ಕುಗ್ಗಿಸುತ್ತದೆ. ಸಣ್ಣ ಚಲನೆಗಳೆಲ್ಲ ಒರೆಸಿದಂತಾಗುತ್ತವೆ. ಮಗಳ ತುಟಿಯಂಚು ಅದುರಿದ್ದು ಅಳಿಸಿಹೋದದ್ದು ಹಾಗೆ. ಮಾತ್ರೆ ನಿಲ್ಲಿಸಿದರೆ ರಸ್ತೆ ದಾಟುವಾಗಲೂ ಅವಳು ಹಾಗೇ ಮೈಮರೆತು ನಿಂತುಬಿಟ್ಟಾಳು.

ನನಗೆ ರಜೆ ಸಿಗಲಿಲ್ಲ. ನಾಳೆ ಅವಳನ್ನು ಕರೆದೊಯ್ಯುವಾಗ ಈ ಪೆನ್‌ಡ್ರೈವಿನಲ್ಲಿರುವ ಮೂಲ ಫೈಲನ್ನೇ ತೋರಿಸು. "ಸೈಜು ಜಾಸ್ತಿ, ಕಡಿಮೆ ಮಾಡ್ಕೊಡ್ತೀನಿ ತಾ" ಅಂತ ಭಾವ ಕೇಳಿದರೂ ಕೊಡಬೇಡ. ವಿಡಿಯೊದಲ್ಲಿ ನಾನು ಹೆಸರು ಹಿಡಿದು ಕರೆಯುವಾಗ ತುಟಿಯ ಎಡ ಅಂಚನ್ನು ನೋಡಲು ಡಾಕ್ಟರಿಗೆ ಹೇಳು.

ಆಗ ಮಗುವನ್ನು ಹೊರಗೆ ಕೂರಿಸು. ನಾನು ಕರೆಯುತ್ತಿದ್ದಷ್ಟು ಹೊತ್ತೂ ತಾನು ನನಗೆ ಉತ್ತರ ಕೊಡುತ್ತಿದ್ದೆ ಎಂದೇ ಅವಳು ತಿಳಿದಿದ್ದಾಳೆ.

ನಿನ್ನ ತಂಗಿ